ಬ್ಯಾಕಪ್ ಇದೆ ಸರಿ, ವಾಪಸ್ ಬರುತ್ತಾ?

(ಹಾವೇರಿ ಜಿಲ್ಲೆಯ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಕೊನೆಯ ವರ್ಷದ ವಿದ್ಯಾರ್ಥಿಗಳ ಮುಂದೆ ಆಡಿದ ಮಾತು. ಬರೆಯುವಾಗ ಕೆಲವು ವಿವರ ಸೇರಿಸಿದ್ದೇನೆ. ಸಭೆಯಲ್ಲಿ ಬಂದ ಎರಡು ಪ್ರಶ್ನೆಗಳು ಕೊನೆಯಲ್ಲಿವೆ.)

ಎಲ್ಲರಿಗೂ ನಮಸ್ಕಾರ.

ನಾನು ಇಲ್ಲೇ ಹತ್ತಿರದ ಹಳ್ಳಿಯವಳು. ನಮ್ಮ ಮನೆಯಲ್ಲಿ ಬಿತ್ತನೆ ಬೀಜ ಎತ್ತಿಡುವುದು ಅವ್ವನ ಕೆಲಸ. ಸುಗ್ಗಿ ಮುಗಿದ ಮೇಲೆ ಒಳ್ಳೆಯ ತೆನೆ ಆರಿಸಿ, ಕಾಳು ಒಣಗಿಸಿ, ಬೂದಿ ಕಲಸಿ, ಬೇವಿನ ಸೊಪ್ಪು ಹಾಕಿ ಗಡಿಗೆಯಲ್ಲಿ ಇಡುತ್ತಿದ್ದಳು. ಅಲ್ಲಿಗೆ ಅವಳ ಕೆಲಸ ಮುಗಿಯುತ್ತಿರಲಿಲ್ಲ. ಬಿತ್ತನೆಗೆ ಹದಿನೈದು ದಿನ ಇರುವಾಗ ಗಡಿಗೆಯಿಂದ ನೂರು ಕಾಳು ಎಣಿಸಿ ತೆಗೆಯುತ್ತಿದ್ದಳು. ಒದ್ದೆ ಗೋಣಿಚೀಲದ ತುಂಡಿನಲ್ಲಿ ಸುತ್ತಿ ಮೂಲೆಯಲ್ಲಿ ಇಡುತ್ತಿದ್ದಳು. ನಾಲ್ಕು ದಿನ ಬಿಟ್ಟು ಬಿಚ್ಚಿ, ಎಷ್ಟು ಮೊಳಕೆ ಬಂದಿವೆ ಅಂತ ಎಣಿಸುತ್ತಿದ್ದಳು. ಎಣಿಸೋಕೆ ನಾನೂ ಕೂರುತ್ತಿದ್ದೆ. ತೊಂಬತ್ತು ಬಂದರೆ ನಿಶ್ಚಿಂತೆ. ಅರವತ್ತು ಬಂದರೆ ಅಪ್ಪ ಅವತ್ತೇ ಬೇರೆ ಬೀಜ ಹುಡುಕೋಕೆ ಹೊರಡಬೇಕು. "ಕಾಳು ಚಲೋ ಕಾಣ್ತದ ಅಂತ ನಂಬಬ್ಯಾಡ" ಅನ್ನುತ್ತಿದ್ದಳು.

ನಾನು ಇಪ್ಪತ್ತು ವರ್ಷದಿಂದ ಡೇಟಾಬೇಸ್ ಅಡ್ಮಿನಿಸ್ಟ್ರೇಟರ್ ಕೆಲಸ ಮಾಡುತ್ತಿದ್ದೇನೆ. ಡಿಬಿಎ ಅಂತಾರಲ್ಲ, ಅದು. ನನ್ನ ಕೆಲಸವೂ ಹೆಚ್ಚುಕಡಿಮೆ ಅವ್ವನ ಆ ಗಡಿಗೆ ಮತ್ತು ಆ ಒದ್ದೆ ಗೋಣಿಯೇ. ಗಡಿಗೆ ತುಂಬಿಡುವುದನ್ನು ಎಲ್ಲರೂ ಮಾಡುತ್ತಾರೆ. ಗೋಣಿಯಲ್ಲಿ ಸುತ್ತಿ ನೋಡುವವರು ಕಡಿಮೆ. ಇವತ್ತು ನಾನು ಹೇಳಬೇಕು ಅಂತ ಬಂದಿರುವುದು ಅದನ್ನೇ. ಕ್ಲೌಡ್ ಬಗ್ಗೆ, ಸರ್ಟಿಫಿಕೇಷನ್ ಬಗ್ಗೆ ಮಾತಾಡಿ ಅಂತ ನಿಮ್ಮ ಮೇಷ್ಟ್ರು ಹೇಳಿದ್ದಾರೆ, ಅದಕ್ಕೂ ಬರುತ್ತೇನೆ.

ಮೊದಲು ನನ್ನದೇ ಒಂದು ಅನುಭವ. ಕೆಲಸಕ್ಕೆ ಸೇರಿ ಮೂರ್ನಾಲ್ಕು ವರ್ಷ ಆಗಿತ್ತು. ಒರಾಕಲ್ ಅನ್ನುವ ಡೇಟಾಬೇಸಿನ ಓಸಿಪಿ ಸರ್ಟಿಫಿಕೇಷನ್ ಪಾಸಾಗಿದ್ದೆ. ಒರಾಕಲ್ 9ಐ ಆವೃತ್ತಿಯ ಕಾಲದಲ್ಲಿ ಅದಕ್ಕೆ ನಾಲ್ಕು ಪರೀಕ್ಷೆ ಬರೆಯಬೇಕಿತ್ತು, ಅದರಲ್ಲಿ ಬ್ಯಾಕಪ್ ಮತ್ತು ರಿಕವರಿ ದೊಡ್ಡ ಪಾಠ. ಎಲ್ಲ ಕಮಾಂಡ್ ಬಾಯಿಪಾಠ ಬರುತ್ತಿತ್ತು. ಆಗ ನಾವು ನೋಡಿಕೊಳ್ಳುತ್ತಿದ್ದ ಒಂದು ಡೇಟಾಬೇಸ್, ಲಾರಿ ಟ್ರಾನ್ಸ್‌ಪೋರ್ಟ್ ಕಂಪನಿಯೊಂದರದು. ಯಾವ ಲಾರಿಯಲ್ಲಿ ಯಾವ ಸರಕು ಹೋಯಿತು, ಬಾಡಿಗೆ ಎಷ್ಟು, ಯಾರು ಬಾಕಿ ಅನ್ನುವುದೆಲ್ಲ ಅದರಲ್ಲಿತ್ತು. ಪ್ರತಿ ರಾತ್ರಿ ಒಂದು ಸ್ಕ್ರಿಪ್ಟ್ ಓಡಿ ಬ್ಯಾಕಪ್ ತೆಗೆಯುತ್ತಿತ್ತು. ಬೆಳಿಗ್ಗೆ "ಬ್ಯಾಕಪ್ ಮುಗಿದಿದೆ" ಅಂತ ಮೇಲ್ ಬರುತ್ತಿತ್ತು. ನಾನು ನೋಡಿ ಸರಿ ಅಂದುಕೊಳ್ಳುತ್ತಿದ್ದೆ.

ಒಂದು ದಿನ ಡಿಸ್ಕ್ ಕೆಟ್ಟಿತು. ಬ್ಯಾಕಪ್ ಫೈಲ್ ತೆಗೆದು ಇಂಪೋರ್ಟ್ ಶುರು ಮಾಡಿದೆವು. ಅರ್ಧಕ್ಕೆ ನಿಂತಿತು. ಹಿಂದಿನ ದಿನದ್ದು ತೆಗೆದರೆ ಅದೂ ಅಲ್ಲೇ ನಿಂತಿತು. ಅದರ ಹಿಂದಿನದೂ ಹಾಗೇ. ಬ್ಯಾಕಪ್ ಇಡುವ ಜಾಗ ಹತ್ತೊಂಬತ್ತು ದಿನದ ಹಿಂದೆಯೇ ತುಂಬಿಹೋಗಿತ್ತು. ಅಂದಿನಿಂದ ಪ್ರತಿ ರಾತ್ರಿ ಫೈಲ್ ಅರ್ಧಕ್ಕೆ ತುಂಡಾಗುತ್ತಿತ್ತು. ಆ ಸ್ಕ್ರಿಪ್ಟ್‌ನ ಕೊನೆಯ ಸಾಲು, ಮೇಲೆ ಏನೇ ಆಗಿರಲಿ, "ಮುಗಿದಿದೆ" ಅಂತ ಮೇಲ್ ಕಳಿಸುವ ಸಾಲು. ಅದು ತನ್ನ ಕೆಲಸ ತಪ್ಪದೆ ಮಾಡುತ್ತಿತ್ತು.

ಟೆಸ್ಟಿಂಗ್‌ಗೆ ಅಂತ ಸಹೋದ್ಯೋಗಿಯೊಬ್ಬರು ಹನ್ನೊಂದು ದಿನದ ಹಿಂದೆ ಲೈವ್ ಡೇಟಾಬೇಸಿನ ಒಂದು ಕಾಪಿ ಮಾಡಿಕೊಂಡಿದ್ದರು. ಅದರಿಂದ ಬಚಾವಾದೆವು. ಉಳಿದ ಹನ್ನೊಂದು ದಿನದ್ದನ್ನು ಕಾಗದದಿಂದ ಟೈಪ್ ಮಾಡಬೇಕಾಯಿತು. ನಾನು ಹುಬ್ಬಳ್ಳಿಗೆ ಹೋಗಿ ಆ ಆಫೀಸಿನ ಗುಮಾಸ್ತರ ಜೊತೆ ನಾಲ್ಕು ದಿನ ಕೂತೆ. ಗುಲಾಬಿ ಬಣ್ಣದ ಬಿಲ್ಟಿ ಕಾಗದಗಳು, ಕಾರ್ಬನ್ ಕಾಪಿ, ಕೆಲವು ಅಕ್ಷರ ಅಳಿಸಿಹೋಗಿದ್ದವು. ಒಬ್ಬ ವಯಸ್ಸಾದ ಗುಮಾಸ್ತರು ಒಂದೊಂದೇ ಓದಿ ಹೇಳುತ್ತಿದ್ದರು, ನಾನು ಟೈಪ್ ಮಾಡುತ್ತಿದ್ದೆ. ಎರಡನೇ ದಿನ ಅವರು ಕನ್ನಡಕ ತೆಗೆದು ಕೇಳಿದರು, "ಇದೆಲ್ಲಾ ಕಂಪ್ಯೂಟರ್‌ನಾಗ ಇತ್ತಲ್ಲ ತಂಗಿ, ಎಲ್ಲಿ ಹೋತು?" ಬೈದು ಕೇಳಿದ್ದಲ್ಲ, ನಿಜವಾಗಿ ತಿಳಿಯದೆ ಕೇಳಿದ್ದು. ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಅವತ್ತಿನಿಂದ ನಾನು ಈ ಕೆಲಸ ನೋಡುವ ರೀತಿಯೇ ಬದಲಾಯಿತು.

ಡೇಟಾಬೇಸ್ ಅಂದರೆ ಏನು ಅಂತ ನಿಮಗೆ ಗೊತ್ತು, ಎರಡು ಸೆಮಿಸ್ಟರ್ ಓದಿದ್ದೀರಿ. ಐಬಿಎಂನ ಎಡ್ಗರ್ ಕಾಡ್ 1970ರಲ್ಲಿ ರಿಲೇಷನಲ್ ಮಾದರಿಯ ಪ್ರಬಂಧ ಬರೆದರು, ಆಮೇಲೆ ಎಸ್‌ಕ್ಯೂಎಲ್ ಬಂತು, ಒರಾಕಲ್ ಬಂತು, ಅದನ್ನೆಲ್ಲ ನಾನು ಮತ್ತೆ ಹೇಳುವುದಿಲ್ಲ. ಒಂದು ವಿಷಯ ಮಾತ್ರ ಹೇಳುತ್ತೇನೆ. ನಿಮ್ಮಲ್ಲಿ ಜಾಸ್ತಿ ಜನ ರೈತರ ಮಕ್ಕಳು, ಪಹಣಿ ಗೊತ್ತಲ್ಲ? ಕರ್ನಾಟಕದ 'ಭೂಮಿ' ಯೋಜನೆಯಲ್ಲಿ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಬಂದವು. ಸುಮಾರು 67 ಲಕ್ಷ ರೈತರ ಜಮೀನಿನ ದಾಖಲೆ. ಅಪ್ಪನ ಹೆಸರಿನಿಂದ ಮಗನ ಹೆಸರಿಗೆ ಜಮೀನು ಹೋಗಬೇಕು ಅಂದುಕೊಳ್ಳಿ. ಒಂದು ಕಡೆ ಹೆಸರು ತೆಗೆಯಬೇಕು, ಇನ್ನೊಂದು ಕಡೆ ಸೇರಿಸಬೇಕು. ತೆಗೆದಾದ ಮೇಲೆ, ಸೇರಿಸುವ ಮೊದಲು ಕರೆಂಟ್ ಹೋದರೆ? ಆ ಹೊಲ ಯಾರದೂ ಅಲ್ಲದಂತಾಗುತ್ತದೆ. ಟ್ರಾನ್ಸಾಕ್ಷನ್ ಅನ್ನುವುದು ಇದಕ್ಕೇ. ಎರಡೂ ಆಗಬೇಕು, ಇಲ್ಲಾ ಎರಡೂ ಆಗಬಾರದು. ಪುಸ್ತಕದಲ್ಲಿ ಅಟಾಮಿಸಿಟಿ ಅಂತ ಓದುವಾಗ ಹೀಗೆ ಒಂದು ಹೊಲ ನೆನಪಿಸಿಕೊಳ್ಳಿ. ಪ್ರತಿ ಸಾಲಿನ ಹಿಂದೆ ಯಾರದೋ ಮನೆ ಇದೆ, ಸಂಬಳ ಇದೆ, ಔಷಧಿ ಚೀಟಿ ಇದೆ.

ಈಗ ಎಲ್ಲರಿಗೂ ಗೊತ್ತಿರುವ ಒಂದು ಘಟನೆ. ನೀವು ಕೋಡ್ ಇಡಲು ಬಳಸುವ ಗಿಟ್‌ಲ್ಯಾಬ್‌ನದು. 2017ರ ಜನವರಿ 31. ಸ್ಪ್ಯಾಮ್ ಮಾಡುವವರಿಂದ ಅವರ ಡೇಟಾಬೇಸ್ ಮೇಲೆ ಭಾರಿ ಲೋಡ್ ಬಿದ್ದಿತ್ತು. ಪೋಸ್ಟ್‌ಗ್ರೆಸ್ ಡೇಟಾಬೇಸ್ ಅದು. ಒಂದು ಪ್ರೈಮರಿ, ಅದರ ನಕಲಾಗಿ ಒಂದು ಸೆಕೆಂಡರಿ. ಲೋಡ್ ತಾಳದೆ ಸೆಕೆಂಡರಿ ಹಿಂದೆ ಬಿತ್ತು. ಅದಕ್ಕೆ ಬೇಕಾಗಿದ್ದ ಲಾಗ್ ಫೈಲ್‌ಗಳು, ಅಂದರೆ ಆದ ಬದಲಾವಣೆಗಳನ್ನು ಒಂದೊಂದಾಗಿ ಬರೆದಿಡುವ ಫೈಲ್‌ಗಳು, ಪ್ರೈಮರಿಯಲ್ಲಿ ಆಗಲೇ ಅಳಿಸಿಹೋಗಿದ್ದವು. ಲಾಗ್ ಆರ್ಕೈವ್ ಮಾಡುವ, ಅಂದರೆ ಹಳೆಯವನ್ನು ಬೇರೆ ಕಡೆ ಎತ್ತಿಡುವ ವ್ಯವಸ್ಥೆ ಇಟ್ಟಿರಲಿಲ್ಲ. ಹಾಗಾಗಿ ಸೆಕೆಂಡರಿಯನ್ನು ಖಾಲಿ ಮಾಡಿ ಮೊದಲಿನಿಂದ ತುಂಬಬೇಕಿತ್ತು.

ಒಬ್ಬ ಎಂಜಿನಿಯರ್ ಆ ಕೆಲಸಕ್ಕೆ ಕೂತರು. ಅವರ ಕಡೆ ಆಗಲೇ ರಾತ್ರಿಯಾಗಿತ್ತು. ನಕಲು ಮಾಡುವ ಕಮಾಂಡ್ ಏನೂ ಹೇಳದೆ ಸುಮ್ನೆ ನಿಂತುಬಿಡುತ್ತಿತ್ತು. ಅದು ನಿಜವಾಗಿ ಪ್ರೈಮರಿಗಾಗಿ ಕಾಯುತ್ತಿತ್ತು, ಆದರೆ ಪರದೆ ಮೇಲೆ ಒಂದಕ್ಷರವೂ ಇಲ್ಲ. ಡೈರೆಕ್ಟರಿಯಲ್ಲಿ ಹಳೆ ಫೈಲ್ ಉಳಿದಿರಬೇಕು, ಅದಕ್ಕೇ ಹೀಗೆ ಅಂದುಕೊಂಡು ಅವರು ಡೇಟಾ ಡೈರೆಕ್ಟರಿಯನ್ನೇ ಅಳಿಸಲು ಹೊರಟರು. ಒಂದೆರಡು ಸೆಕೆಂಡ್ ಆದ ಮೇಲೆ ಗೊತ್ತಾಯಿತು, ತಾವು ಕೂತಿರುವುದು ಸೆಕೆಂಡರಿಯಲ್ಲಿ ಅಲ್ಲ, ಪ್ರೈಮರಿಯಲ್ಲಿ. ಒಂದರ ಹೆಸರು ಡಿಬಿ1, ಇನ್ನೊಂದರದು ಡಿಬಿ2. ನಡುವೆ ಒಂದೇ ಅಂಕಿಯ ವ್ಯತ್ಯಾಸ. ತಡೆಯುವಷ್ಟರಲ್ಲಿ ಸುಮಾರು 300 ಜಿಬಿಯಲ್ಲಿ ಉಳಿದದ್ದು 4.5 ಜಿಬಿ.

ನನಗೆ ಈ ಭಾಗ ಓದುವಾಗ ಇವತ್ತಿಗೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಎರಡು ಟರ್ಮಿನಲ್ ತೆರೆದು, ತಡರಾತ್ರಿ, ಸುಸ್ತಾಗಿ ಕೆಲಸ ಮಾಡಿದ ಯಾವ ಡಿಬಿಎಗೂ ಆಗುತ್ತದೆ. ಆ ಎಂಜಿನಿಯರ್ ತಪ್ಪು ಮಾಡಿದರು ಅಂತ ಹೇಳಿ ಮುಗಿಸುವುದು ಸುಲಭ. ಆದರೆ ನಿಜವಾದ ಪಾಠ ಆಮೇಲೆ ಇದೆ.

ಬ್ಯಾಕಪ್ ಎಲ್ಲಿ ಅಂತ ಹುಡುಕಿದರು. ದಿನಕ್ಕೊಮ್ಮೆ ಡಂಪ್, ಅಂದರೆ ಡೇಟಾಬೇಸಿನ ಪೂರ್ತಿ ನಕಲಿನ ಫೈಲ್, ತೆಗೆದು ಅಮೆಜಾನ್‌ನ ಎಸ್3 ಅನ್ನುವ ಕ್ಲೌಡ್ ಗೋದಾಮಿನಲ್ಲಿ ಇಡುವ ವ್ಯವಸ್ಥೆ ಇತ್ತು. ಹೋಗಿ ನೋಡಿದರೆ ಅಲ್ಲಿ ಏನೂ ಇರಲಿಲ್ಲ. ಯಾಕೆ? ಅವರ ಡೇಟಾಬೇಸ್ ಪೋಸ್ಟ್‌ಗ್ರೆಸ್ 9.6. ಡಂಪ್ ತೆಗೆಯುವ ಪ್ರೋಗ್ರಾಂ ಮಾತ್ರ 9.2ರದ್ದು ಓಡುತ್ತಿತ್ತು. ಹಳೆಯ ಪ್ರೋಗ್ರಾಂ ಹೊಸ ಡೇಟಾಬೇಸಿನ ಡಂಪ್ ತೆಗೆಯುವುದಿಲ್ಲ, ಎರರ್ ಕೊಟ್ಟು ನಿಲ್ಲುತ್ತದೆ. ಎರರ್ ಬಂದರೆ ಮೇಲ್ ಬರಬೇಕಿತ್ತಲ್ಲ? ಮೇಲ್ ಹೋಗುತ್ತಿತ್ತು. ಆದರೆ ಆ ಮೇಲ್‌ಗಳಲ್ಲಿ ಸರಿಯಾದ ಸಹಿ ಇಲ್ಲ ಅಂತ ಮೇಲ್ ಸರ್ವರ್ ಅವನ್ನು ಬಾಗಿಲಲ್ಲೇ ತಿರಸ್ಕರಿಸುತ್ತಿತ್ತು. ಯಾರಿಗೂ ತಲುಪಲೇ ಇಲ್ಲ. ಹುಬ್ಬಳ್ಳಿಯ ನನ್ನ ಕಥೆಯಲ್ಲಿ ಮೇಲ್ ಬಂದು ಸುಳ್ಳು ಹೇಳಿತು, ಇಲ್ಲಿ ನಿಜ ಹೇಳುವ ಮೇಲ್ ಬರಲೇ ಇಲ್ಲ. ಇನ್ನು ಮೈಕ್ರೋಸಾಫ್ಟ್‌ನ ಕ್ಲೌಡ್ ಆದ ಆಜ್ಯೂರ್‌ನ ಡಿಸ್ಕ್ ಸ್ನ್ಯಾಪ್‌ಶಾಟ್, ಅಂದರೆ ಆ ಕ್ಷಣದಲ್ಲಿ ಡಿಸ್ಕ್ ಇದ್ದ ಹಾಗೇ ತೆಗೆದಿಡುವ ನಕಲು. ಫೈಲ್ ಸರ್ವರ್‌ಗಳಿಗೆ ಅದನ್ನು ಆನ್ ಮಾಡಿದ್ದರು, ಡೇಟಾಬೇಸ್ ಸರ್ವರ್‌ಗಳಿಗೆ ಮಾಡಿರಲಿಲ್ಲ.

ಕೊನೆಗೆ ಕಾಪಾಡಿದ್ದು ಏನು ಗೊತ್ತಾ? ಅದೇ ಎಂಜಿನಿಯರ್, ಸುಮಾರು ಆರು ಗಂಟೆ ಮೊದಲು, ಬೇರೆ ಯಾವುದೋ ಟೆಸ್ಟಿಂಗ್‌ಗೆ ಬೇಕು ಅಂತ ಕೈಯಾರೆ ಒಂದು ಸ್ನ್ಯಾಪ್‌ಶಾಟ್ ತೆಗೆದಿದ್ದರು. ಅದನ್ನು ನಿಧಾನದ ಡಿಸ್ಕ್‌ಗಳಿಂದ ಕಾಪಿ ಮಾಡಲು ಹೆಚ್ಚುಕಡಿಮೆ 18 ಗಂಟೆ ಹಿಡಿಯಿತು. ಆ ಆರು ಗಂಟೆಯೊಳಗೆ ಜನ ಮಾಡಿದ್ದ ಸುಮಾರು 5,000 ಪ್ರಾಜೆಕ್ಟ್, 5,000 ಕಾಮೆಂಟ್, 700 ಹೊಸ ಖಾತೆ ಹೋದವು. ಕೋಡ್ ಇರುವ ರಿಪಾಸಿಟರಿಗಳು ಬೇರೆ ಕಡೆ ಇದ್ದದ್ದರಿಂದ ಉಳಿದವು. ಅವರು ಇದನ್ನು ಮುಚ್ಚಿಡಲಿಲ್ಲ. ರಿಕವರಿ ಕೆಲಸವನ್ನು ಯೂಟ್ಯೂಬ್‌ನಲ್ಲಿ ನೇರ ಪ್ರಸಾರ ಮಾಡಿದರು, ಆಮೇಲೆ ಒಂದೊಂದು ತಪ್ಪನ್ನೂ ಬಿಡಿಸಿ ಬರೆದು ಎಲ್ಲರ ಮುಂದೆ ಇಟ್ಟರು. ಆ ಎಂಜಿನಿಯರ್ ಹೆಸರನ್ನು ಆ ವರದಿಯಲ್ಲಿ ಹಾಕಲಿಲ್ಲ. ನನಗೆ ಆ ಕಂಪನಿಯ ಮೇಲೆ ಗೌರವ ಹುಟ್ಟಿದ್ದು ಇದರಿಂದಲೇ. ನೀವು ಮುಂದೆ ಟೀಮ್ ಲೀಡ್ ಆದಾಗ ಇದನ್ನು ನೆನಪಿಡಿ. ತಪ್ಪು ಹೇಳಿದವರನ್ನು ಬೈದರೆ ಮುಂದಿನ ಸಲ ಯಾರೂ ಹೇಳುವುದಿಲ್ಲ.

ಸರಿ, ಕ್ಲೌಡ್‌ಗೆ ಬರೋಣ. "ಕ್ಲೌಡ್ ಬಂದ ಮೇಲೆ ಡಿಬಿಎ ಯಾಕೆ ಬೇಕು ಮೇಡಂ?" ಅಂತ ಹೋದಲ್ಲೆಲ್ಲ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಅಮೆಜಾನ್ 2009ರಲ್ಲಿ ಆರ್‌ಡಿಎಸ್ ಅನ್ನುವ, ಡೇಟಾಬೇಸನ್ನು ಬಾಡಿಗೆಗೆ ನಡೆಸಿಕೊಡುವ ಸೇವೆ ತಂದಿತು. ಸರ್ವರ್ ಕೊಳ್ಳುವುದು, ಓಎಸ್ ಹಾಕುವುದು, ಡೇಟಾಬೇಸ್ ಇನ್‌ಸ್ಟಾಲ್ ಮಾಡುವುದು, ಪ್ಯಾಚ್ ಹಾಕುವುದು, ದಿನಾ ಬ್ಯಾಕಪ್ ತೆಗೆಯುವುದು, ಇದೆಲ್ಲ ಅವರ ಪಾಲಿಗೆ ಹೋಯಿತು. ನಾನು ಶನಿವಾರ ರಾತ್ರಿಯೆಲ್ಲ ಕೂತು ಮಾಡುತ್ತಿದ್ದ ಪ್ಯಾಚಿಂಗ್ ಈಗ ಒಂದು ಬಟನ್. 2016ರಲ್ಲಿ ಅವರ ಮುಂಬೈ ರೀಜನ್, ಅಂದರೆ ಅಲ್ಲಿನ ಡೇಟಾ ಸೆಂಟರುಗಳ ಗುಂಪು, ಬಂತು, 2022ರಲ್ಲಿ ಹೈದರಾಬಾದ್ ಬಂತು. ಹಣ ಪಾವತಿಯ ಮಾಹಿತಿ ಭಾರತದಲ್ಲೇ ಇರಬೇಕು ಅಂತ ರಿಸರ್ವ್ ಬ್ಯಾಂಕ್ 2018ರಲ್ಲಿ ಹೇಳಿತು, ಅಂಥ ಮಾಹಿತಿ ಇಡುವವರಿಗೂ ದಾರಿ ಆಯಿತು. ನನಗೆ ಇದರಿಂದ ಸಂತೋಷವೇ. ಆ ಶನಿವಾರಗಳು ವಾಪಸ್ ಬರಲಿ ಅಂತ ನನಗೆ ಆಸೆ ಇಲ್ಲ.

ಆದರೆ ಅವರ ಪಾಲು ಎಲ್ಲಿ ಮುಗಿಯುತ್ತೆ, ನಮ್ಮ ಪಾಲು ಎಲ್ಲಿ ಶುರುವಾಗುತ್ತೆ ಅನ್ನುವುದನ್ನು ಬಿಡಿಸಿ ನೋಡಬೇಕು. ನೀವು ತಪ್ಪಾಗಿ ಒಂದು ಟೇಬಲ್ ಡಿಲೀಟ್ ಮಾಡಿದಿರಿ ಅಂದುಕೊಳ್ಳಿ. ಮಲ್ಟಿ-ಎಝಡ್ ಇದೆ, ಅಂದರೆ ಬೇರೆ ಡೇಟಾ ಸೆಂಟರಿನಲ್ಲಿ ತಾಜಾ ನಕಲು ಇದೆ ಅಂತ ಧೈರ್ಯ ಇರುತ್ತೆ ಅಲ್ವಾ? ಆ ನಕಲು ನಿಮ್ಮ ಡಿಲೀಟನ್ನೂ ಅಷ್ಟೇ ತಾಜಾ ಆಗಿ ನಕಲು ಮಾಡಿರುತ್ತದೆ. ಅದು ಇರುವುದು ಯಂತ್ರ ಕೆಟ್ಟಾಗ ನಡೆಸಿಕೊಂಡು ಹೋಗಲು, ಮನುಷ್ಯರ ತಪ್ಪಿಗೆ ಅಲ್ಲ. ಹಾಗಾಗಿ ಹತ್ತು ನಿಮಿಷದ ಹಿಂದಿನ ಸ್ಥಿತಿಗೆ ಹೋಗಬೇಕು ಅಂತ ರಿಸ್ಟೋರ್ ಒತ್ತುತ್ತೀರಿ. ಆರ್‌ಡಿಎಸ್ ಇದ್ದ ಡೇಟಾಬೇಸನ್ನೇ ಹಿಂದಕ್ಕೆ ಕರೆದುಕೊಂಡು ಹೋಗುವುದಿಲ್ಲ. ಪಕ್ಕದಲ್ಲಿ ಹೊಸದೊಂದನ್ನು ಎಬ್ಬಿಸುತ್ತದೆ. ಅದರ ವಿಳಾಸ ಬೇರೆ. ನೀವು ಹೇಳದಿದ್ದರೆ ಅದಕ್ಕೆ ಡಿಫಾಲ್ಟ್ ಸೆಕ್ಯುರಿಟಿ ಗ್ರೂಪ್, ಅಂದರೆ ಯಾರನ್ನು ಒಳಗೆ ಬಿಡಬೇಕು ಅನ್ನುವ ಮೊದಲೇ ಇಟ್ಟ ನಿಯಮ, ಬರುತ್ತದೆ, ಆಗ ನಿಮ್ಮ ಆಪ್ ಅದನ್ನು ಮುಟ್ಟಲೇ ಆಗದೆ ಹೋಗಬಹುದು. ಮೇಲಾಗಿ ಡೇಟಾ ಒಂದೇ ಸಲ ಬಂದು ಕೂತಿರುವುದಿಲ್ಲ. ಕೇಳಿದ ಹಾಗೆ ಹಿಂದಿನಿಂದ ಬರುತ್ತಿರುತ್ತದೆ, ಅದಕ್ಕೇ ಮೊದಲ ಕ್ವೆರಿಗಳು ಆಮೆ ಥರ ನಡೆಯುತ್ತವೆ. ಈ ವಿಷಯಗಳನ್ನು ಮೊದಲ ಸಲ ತಿಳಿದುಕೊಳ್ಳುವುದು ಗ್ರಾಹಕರು ಫೋನ್ ಮಾಡಿ ಕೂಗುತ್ತಿರುವಾಗ ಆಗಬಾರದು.

ಇನ್ನೊಂದು. ಆರ್‌ಡಿಎಸ್‌ನ ತಾನೇ ತೆಗೆಯುವ ಬ್ಯಾಕಪ್ ಹೆಚ್ಚೆಂದರೆ 35 ದಿನ ಇರುತ್ತದೆ. ಡೇಟಾಬೇಸನ್ನೇ ಡಿಲೀಟ್ ಮಾಡುವಾಗ, ಉಳಿಸಿಕೋ ಅಂತ ನೀವು ಹೇಳದಿದ್ದರೆ ಆ ಬ್ಯಾಕಪ್‌ಗಳೂ ಹೋಗುತ್ತವೆ. ಎಲ್ಲ ಒಂದೇ ಸೂರಿನಡಿ ಇದ್ದರೆ ಏನಾಗುತ್ತದೆ ಅನ್ನುವುದಕ್ಕೆ 2021ರ ಮಾರ್ಚ್ 10 ನೋಡಿ. ಫ್ರಾನ್ಸ್‌ನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಕಂಪನಿಯ ಡೇಟಾ ಸೆಂಟರಿಗೆ ಬೆಂಕಿ ಬಿದ್ದು ಒಂದು ಕಟ್ಟಡ ಪೂರ್ತಿ ಸುಟ್ಟುಹೋಯಿತು. ಬ್ಯಾಕಪ್ಪನ್ನೂ ಅಲ್ಲೇ ಇಟ್ಟಿದ್ದ ಗ್ರಾಹಕರಿಗೆ ಏನೂ ಉಳಿಯಲಿಲ್ಲ. ಕ್ಲೌಡ್ ಅಂದರೆ ಮೋಡ ಅಲ್ಲ, ಯಾವುದೋ ಊರಿನ ಯಾವುದೋ ಕಟ್ಟಡ.

ಈಗ ಸರ್ಟಿಫಿಕೇಷನ್. ನಾನು ಅದರ ವಿರೋಧಿ ಅಲ್ಲ. ಸಣ್ಣ ಊರಿನಿಂದ ಬಂದವರಿಗೆ, ದೊಡ್ಡ ಕಾಲೇಜಿನ ಹೆಸರು ಇಲ್ಲದವರಿಗೆ, ರೆಸ್ಯೂಮೆ ಒಬ್ಬರ ಮೇಜಿನ ಮೇಲೆ ನಿಲ್ಲಬೇಕಾದರೆ ಅದು ಸಹಾಯ ಮಾಡುತ್ತದೆ. ನನಗೂ ಮಾಡಿದೆ. ಸುಮ್ನೆ ಕೂತು ಓದು ಅಂದರೆ ಓದದ ವಿಷಯಗಳನ್ನು ಪರೀಕ್ಷೆ ಓದಿಸುತ್ತದೆ.

ಆದರೆ ಯಾವುದನ್ನು ಮಾಡಬೇಕು ಅಂತ ಯೋಚಿಸುವಾಗ ಒಂದು ಮಾತು ತಲೆಯಲ್ಲಿರಲಿ. ಅಮೆಜಾನ್ 2020ರಲ್ಲಿ ಡೇಟಾಬೇಸ್ ಸ್ಪೆಷಾಲಿಟಿ ಅಂತ ಒಂದು ಪರೀಕ್ಷೆ ಶುರು ಮಾಡಿತು. ನನ್ನ ಸ್ನೇಹಿತರು ತಿಂಗಳುಗಟ್ಟಲೆ ಓದಿ ಬರೆದರು. 2024ರ ಏಪ್ರಿಲ್ ಕೊನೆಗೆ ಅದನ್ನು ನಿಲ್ಲಿಸಿಯೇಬಿಟ್ಟರು. ಮೈಕ್ರೋಸಾಫ್ಟ್‌ನ ಹೆಸರಾಂತ ಎಂಸಿಎಸ್‌ಇ ಸರ್ಟಿಫಿಕೇಟ್ 2021ರ ಜನವರಿಯಲ್ಲಿ ಹೋಯಿತು. ಕಾಗದಕ್ಕೆ ಆಯಸ್ಸು ಇದೆ. ಅಮೆಜಾನ್‌ನದು ಮೂರು ವರ್ಷ. ಮೈಕ್ರೋಸಾಫ್ಟ್‌ನ ಡಿಪಿ-300, ಅಂದರೆ ಆಜ್ಯೂರ್ ಡೇಟಾಬೇಸ್ ಅಡ್ಮಿನಿಸ್ಟ್ರೇಟರ್, ಒಂದೇ ವರ್ಷ, ಆಮೇಲೆ ಆನ್‌ಲೈನ್‌ನಲ್ಲಿ ಉಚಿತವಾಗಿ ನವೀಕರಿಸಬಹುದು. ಅದಕ್ಕಾಗಿ ಓದಿದ್ದು ಮಾತ್ರ ಅವಧಿ ಮುಗಿದು ಹೋಗುವುದಿಲ್ಲ, ನಿಜವಾಗಿ ಓದಿದ್ದರೆ.

ನಿಜವಾಗಿ ಅಂತ ಯಾಕೆ ಒತ್ತಿ ಹೇಳಿದೆ ಅಂದರೆ, ಡಂಪ್ಸ್ ಬಗ್ಗೆ ನಿಮಗೆಲ್ಲ ಗೊತ್ತು. ಡೇಟಾಬೇಸ್ ಡಂಪ್ ಅಲ್ಲ, ಕದ್ದ ಪ್ರಶ್ನೆಪತ್ರಿಕೆಗಳು. ಉರು ಹೊಡೆದು ಪಾಸಾಗುವವರು ಇದ್ದಾರೆ. ನಾನು ಇಂಟರ್‌ವ್ಯೂ ಮಾಡುವಾಗ ಅವರು ಐದು ನಿಮಿಷದಲ್ಲಿ ಸಿಕ್ಕಿಬೀಳುತ್ತಾರೆ. ನಾನು ಕಷ್ಟದ ಪ್ರಶ್ನೆ ಕೇಳುವುದಿಲ್ಲ. "ನೀವು ಕೊನೆಯ ಸಲ ರಿಸ್ಟೋರ್ ಮಾಡಿದಾಗ ಏನು ತಪ್ಪಾಯಿತು?" ಅಂತ ಕೇಳುತ್ತೇನೆ. ಮಾಡಿದವರ ಮುಖ ಅರಳುತ್ತದೆ, ಕೈಯಾಡಿಸಿಕೊಂಡು ಹೇಳಲು ಶುರು ಮಾಡುತ್ತಾರೆ. ಮಾಡದವರು ಕಮಾಂಡಿನ ಹೆಸರು ಹೇಳಿ ಸುಮ್ಮನಾಗುತ್ತಾರೆ. ಒರಾಕಲ್‌ನಲ್ಲಿ ಓಸಿಎಂ ಅಂತ ಮೇಲಿನ ಹಂತದ ಪರೀಕ್ಷೆಯೊಂದಿತ್ತು. ಎರಡು ದಿನ ಯಂತ್ರದ ಮುಂದೆ ಕೂರಿಸಿ, ಕೆಲಸ ಮಾಡಿ ತೋರಿಸು ಅನ್ನುತ್ತಿದ್ದರು. ನಾಲ್ಕು ಉತ್ತರದಲ್ಲಿ ಒಂದಕ್ಕೆ ಟಿಕ್ ಹಾಕುವ ಪರೀಕ್ಷೆಗಿಂತ ನನಗೆ ಅದೇ ಸರಿ ಅನ್ನಿಸುತ್ತದೆ.

ಅಂಥ ಪರೀಕ್ಷೆಯನ್ನು ನೀವೇ ಮನೆಯಲ್ಲಿ ಇಟ್ಟುಕೊಳ್ಳಬಹುದು, ದುಡ್ಡೂ ಬೇಡ. ನಿಮ್ಮ ಲ್ಯಾಪ್‌ಟಾಪಿನಲ್ಲಿ ಪೋಸ್ಟ್‌ಗ್ರೆಸ್ ಹಾಕಿ, ಅದು ಉಚಿತ. ಒಂದು ಟೇಬಲ್ ಮಾಡಿ ಒಂದು ಲಕ್ಷ ಸಾಲು ತುಂಬಿ. ಬ್ಯಾಕಪ್ ತೆಗೆಯಿರಿ. ಈಗ ಗಟ್ಟಿ ಮನಸ್ಸು ಮಾಡಿ ಆ ಡೇಟಾಬೇಸ್ ಅಳಿಸಿಬಿಡಿ. ಗಡಿಯಾರ ನೋಡಿಕೊಂಡು ವಾಪಸ್ ತನ್ನಿ. ಎಷ್ಟು ನಿಮಿಷ ಆಯಿತು? ಒಂದು ಲಕ್ಷ ಸಾಲೂ ಬಂದವಾ? ಇದು ಸಲೀಸಾದ ಮೇಲೆ ಲಾಗ್ ಆರ್ಕೈವ್ ಆನ್ ಮಾಡಿ, 3 ಗಂಟೆ 10 ನಿಮಿಷಕ್ಕೆ ಟೇಬಲ್ ಅಳಿಸಿ, 3 ಗಂಟೆ 9 ನಿಮಿಷದ ಸ್ಥಿತಿಗೆ ಕರೆತನ್ನಿ. ಮೊದಲ ಸಲ ಆಗುವುದಿಲ್ಲ. ಎಲ್ಲಿ ತಪ್ಪಾಯಿತು ಅಂತ ನೋಟ್‌ಬುಕ್‌ನಲ್ಲಿ ಬರೆದಿಡಿ. ಆ ನೋಟ್‌ಬುಕ್ ಇಟ್ಟುಕೊಂಡು ಇಂಟರ್‌ವ್ಯೂಗೆ ಬನ್ನಿ, ನಾನು ಸರ್ಟಿಫಿಕೇಟ್‌ಗಿಂತ ಮೊದಲು ಅದನ್ನು ನೋಡುತ್ತೇನೆ.

ಕ್ಲೌಡ್‌ನಲ್ಲಿ ಮಾಡುವುದಾದರೆ ಮೊದಲು ಬಜೆಟ್ ಅಲರ್ಟ್ ಹಾಕಿ. ಆರ್‌ಡಿಎಸ್ ಡೇಟಾಬೇಸನ್ನು ಸ್ಟಾಪ್ ಮಾಡಿ ಮರೆತರೆ ಏಳು ದಿನದ ಮೇಲೆ ಅದು ತಾನೇ ಮತ್ತೆ ಶುರುವಾಗುತ್ತದೆ, ಬಿಲ್ಲೂ ಓಡುತ್ತದೆ. ಕಲಿತು ಮುಗಿದರೆ ಡಿಲೀಟ್ ಮಾಡಿ.

ಸಭೆಯಲ್ಲಿ ಮೊದಲು ಎದ್ದ ಹುಡುಗ ಕೇಳಿದ್ದು: "ಮೇಡಂ, ಅಮೆಜಾನ್‌ನ ಅಸೋಸಿಯೇಟ್ ಹಂತದ ಪರೀಕ್ಷೆಗೆ 150 ಡಾಲರ್. ತೆರಿಗೆ ಬೇರೆ. ನಮ್ಮ ಮನೆಯಲ್ಲಿ ಅಷ್ಟು ಕೇಳೋಕೆ ಆಗಲ್ಲ. ಏನು ಮಾಡಲಿ?"

ಕೇಳಬೇಡಿ ಅಂದೆ. ಸಾಲ ಮಾಡಿ ಪರೀಕ್ಷೆ ಬರೆಯುವ ಅಗತ್ಯ ಇಲ್ಲ. ಪರೀಕ್ಷೆಯ ಪಠ್ಯಕ್ರಮ ಅವರ ಸೈಟಿನಲ್ಲಿ ಉಚಿತವಾಗಿದೆ, ಅದನ್ನು ಇಳಿಸಿಕೊಂಡು ಅದರ ಪ್ರಕಾರ ಓದಿ. ಕೆಲಸ ಸಿಕ್ಕ ಮೇಲೆ ಎಷ್ಟೋ ಕಂಪನಿಗಳು ತಾವೇ ಶುಲ್ಕ ಕಟ್ಟುತ್ತವೆ, ಆಗ ಬರೆಯಿರಿ. ಅಲ್ಲಿಯವರೆಗೆ ಆ ನೋಟ್‌ಬುಕ್ ತುಂಬಿಸಿ.

ಕೊನೆಯ ಸಾಲಿನಿಂದ ಒಬ್ಬಳು ಹುಡುಗಿ ಕೈ ಎತ್ತಿದಳು. "ಮೇಡಂ, ನೀವು ಕೊನೆಯ ಸಲ ರಿಸ್ಟೋರ್ ಮಾಡಿದಾಗ ಏನು ತಪ್ಪಾಯಿತು?"

ಎಲ್ಲರೂ ತಿರುಗಿ ನೋಡಿದರು. ನನಗೆ ತುಂಬಾ ಖುಷಿಯಾಯಿತು. ಹೋದ ಗುರುವಾರ ಮಾಡಿದ್ದು ಅಂತ ಹೇಳಿದೆ. ಖಾಲಿ ಸರ್ವರ್ ಮೇಲೆ ಪೋಸ್ಟ್‌ಗ್ರೆಸ್ ಡೇಟಾಬೇಸ್ ಒಂದನ್ನು ಎಬ್ಬಿಸಿದೆವು. ಸಾಲುಗಳೆಲ್ಲ ಬಂದವು, ಲೆಕ್ಕವೂ ಸರಿಹೋಯಿತು. ಆದರೆ ಆಪ್ ಲಾಗಿನ್ ಆಗಲಿಲ್ಲ. ಪಿಜಿ-ಡಂಪ್ ಅನ್ನುವ ಪೋಸ್ಟ್‌ಗ್ರೆಸ್ ಪ್ರೋಗ್ರಾಂ ಒಂದು ಡೇಟಾಬೇಸಿನ ಡೇಟಾ ತೆಗೆಯುತ್ತದೆ, ಆ ಸರ್ವರ್‌ನ ಬಳಕೆದಾರರ ರೋಲ್‌ಗಳನ್ನು ತೆಗೆಯುವುದಿಲ್ಲ. ಅವನ್ನು ಪಿಜಿ-ಡಂಪ್‌ಆಲ್‌ನಿಂದ ಬೇರೆಯಾಗಿ ತೆಗೆದಿಡಬೇಕು. ನಮ್ಮ ರಾತ್ರಿಯ ಸ್ಕ್ರಿಪ್ಟ್‌ನಲ್ಲಿ ಆ ಸಾಲು ಇರಲಿಲ್ಲ. ಶುಕ್ರವಾರ ಬೆಳಿಗ್ಗೆ ಸೇರಿಸಿ, ಸರ್ವರ್ ಅಳಿಸಿ, ಮತ್ತೆ ಮೊದಲಿನಿಂದ ಮಾಡಿದೆವು. ಸಂಜೆ ನಾಲ್ಕಕ್ಕೆ ಲಾಗಿನ್ ಆಯಿತು.

ಅವಳು ಬರೆದುಕೊಳ್ಳುತ್ತಿದ್ದಳು. "ಡಂಪ್‌ಆಲ್ ಅಂದ್ರಾ ಮೇಡಂ?" ಅಂತ ಇನ್ನೊಮ್ಮೆ ಕೇಳಿ ಖಚಿತ ಮಾಡಿಕೊಂಡಳು.